ಖಾರ ಬನ್ನು, ವಿತೌಟ್ ಕಾಫಿ

ಖಾರ ಬನ್ನಿಗೆ ಸಕ್ಕರೆ ಹಾಕುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂತವನು ನಾನು. ಹತ್ತು ಕೆಜಿ ಮೈದಾಕ್ಕೆ ಒಂದು ಕೆಜಿ ಸಕ್ಕರೆ. ಹಾಕದಿದ್ದರೆ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ, ಮೇಲೆ ಆ ಕೆಂಪು ಬಣ್ಣ ಕೂರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಬನ್ನು ಒಣಗಿ ಗಟ್ಟಿಯಾಗುತ್ತದೆ. ಆದರೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪಿನ ನಡುವೆ ಸಕ್ಕರೆ ಇದೆಯೆಂದು ನಾಲಿಗೆಗೆ ಗೊತ್ತಾಗಬಾರದು. ಗೊತ್ತಾಯಿತೋ, ಮಾಡಿದವನಿಗೆ ಕಸುಬು ಬರುವುದಿಲ್ಲ ಎಂದೇ ಅರ್ಥ. ನನಗೆ ಕಸುಬು ಚೆನ್ನಾಗಿ ಬರುತ್ತದೆ. ತೊಂದರೆ ಆಗಿದ್ದೇ ಅದರಿಂದ.

ನನ್ನ ಹೆಸರು ಗಿರಿ. ಹಾಸನದ ಕಡೆಯವನು. ಮತ್ತಿಕೆರೆಯಲ್ಲಿ ಬೇಕರಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಅಂಗಡಿಯ ಜಾಗ ಚಿಕ್ಕಹನುಮಯ್ಯನವರದು. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗ ಅವರ ತಂದೆ ಇಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಆ ಹೊಲದ ಮೇಲೆ ಅವರ ಮೂರು ಅಂತಸ್ತಿನ ಮನೆ, ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟ ರೂಮುಗಳು, ಮೂಲೆಯಲ್ಲಿ ನನ್ನ ಬೇಕರಿ ಇವೆ. ಅಂಗಡಿ ಪೂಜೆಯ ದಿನ ಅವರು ಒಂದೇ ಒಂದು ಕರಾರು ಹಾಕಿದ್ದರು.

"ನೋಡಪ್ಪ ಗಿರಿ, ಬಾಡಿಗೆ ಒಂದೆರಡು ದಿನ ಇಂದೆ ಮುಂದೆ ಆದ್ರೂ ಪರವಾಗಿಲ್ಲ. ಬೆಳಿಗ್ಗೆ ಮೊದಲ್ನೇ ಟ್ರೇ ಇಳೀತದಲ್ಲ, ಅದ್ರಾಗೆ ಒಂದು ನಂದು. ನಮ್ಮಪ್ಪನ ಒಲ ಇದು. ಮೊದಲ್ನೇ ಫಸಲು ನಮ್ ಬಾಯಿಗೆ ಬೀಳ್ಬೇಕು."

ಅಂದಿನಿಂದ ದಿನವೂ ಆರೂವರೆಗೆ ಬರುತ್ತಿದ್ದರು. ಅಂಗಡಿಯ ಮುಂದೆ ಅವರದೇ ಒಂದು ಮರದ ಸ್ಟೂಲು. ಮೊದಲ ಟ್ರೇ ಇಳಿಸಿ, ಅವರ ತಟ್ಟೆಗೆ ಒಂದು ಹಾಕಿ, ಅವರು ಕಚ್ಚಿ ತಲೆಯಾಡಿಸಿದ ಮೇಲೆಯೇ ನಾನು ಗಿರಾಕಿಗಳಿಗೆ ಕೊಡುತ್ತಿದ್ದದ್ದು. ಅವರು ಬಾರದ ದಿನ ನನಗೆ ವ್ಯಾಪಾರದಲ್ಲಿ ಮನಸ್ಸೇ ನಿಲ್ಲುತ್ತಿರಲಿಲ್ಲ. ಮೂಢನಂಬಿಕೆ ಎನ್ನುವವರು ಎನ್ನಲಿ.

ಮೊದಲೆಲ್ಲ ಅವರಿಗೆ ದಿಲ್‌ಪಸಂದ್ ಬೇಕಿತ್ತು. ತೆಂಗಿನ ತುರಿ, ಟೂಟಿ ಫ್ರೂಟಿ, ಮೇಲೆ ಹೊಳೆಯುವ ಪದರ, ಜೊತೆಗೆ ಎರಡು ಚಮಚ ಸಕ್ಕರೆಯ ಕಾಫಿ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಬಂದು ಕೂತರು. ಶುಗರ್ ಬಂದಿದೆ ಎಂದರು.

"ಡಾಕ್ಟ್ರು ಸಿಹಿ ಮುಟ್ಬೇಡಿ ಅಂದವ್ರೆ ಕಣಪ್ಪ. ಖಾರ ತಿನ್ಬೌದಾ ಅಂತ ಕೇಳ್ದೆ. ಖಾರಕ್ಕೇನೂ ತೊಂದ್ರೆ ಇಲ್ಲ, ತಿನ್ನಿ ಅಂದ್ರು. ಅದಕ್ಕೆ ನಂಗೊಂದು ಖಾರ ಬನ್ನು ಕೊಡು."

ಡಾಕ್ಟರ ತಲೆಯಲ್ಲಿದ್ದ ಖಾರ ಮೆಣಸಿನಕಾಯಿಯದು. ಯಜಮಾನರ ತಲೆಯಲ್ಲಿದ್ದದ್ದು ನನ್ನ ಗಾಜಿನ ಪೆಟ್ಟಿಗೆಯ ಎರಡನೇ ಸಾಲಿನ ಖಾರ ಬನ್ನು. ಇದು ನನಗೆ ಆ ಕ್ಷಣವೇ ಹೊಳೆಯಿತು. ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅವರು ಬನ್ನು ಕಚ್ಚಿದ್ದರು. ಸತ್ತವರ ಮನೆಯಿಂದ ಬಂದಂತಿದ್ದ ಮುಖ ಒಮ್ಮೆಲೇ ಅರಳಿತು. "ಇದು ಸಾಕು ಬಿಡು, ಇದಿದ್ರೆ ಬದುಕ್ಕೋತೀನಿ" ಎಂದರು. ತೆರೆದ ಬಾಯಲ್ಲಿ ನಾನು ಕೇಳಿದ್ದು, "ಕಾಫಿ ಹೇಗೆ ಕೊಡ್ಲಿ ಯಜಮಾನ್ರೇ?" ಎಂದು.

"ವಿತೌಟ್" ಎಂದರು ಅವರು. ಸಕ್ಕರೆ ಇಲ್ಲದ ಕಾಫಿಗೆ ಹೋಟೆಲುಗಳಲ್ಲಿ ಹೇಳುವ ಆ ಮಾತನ್ನು ಅವರು ಅಂದೇ ಕಲಿತಿದ್ದು, ಹೊಸ ಅಂಗಿ ತೊಟ್ಟವರ ಹಾಗೆ ಹೇಳಿದರು.

ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಬಂದಾಗ ಅವರು ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಕಾಲೇಜು ಹುಡುಗರಿಗೆ ಬುದ್ಧಿ ಹೇಳುತ್ತಿದ್ದರು. "ನೋಡ್ರಪ್ಪ, ಬಾಯಿ ಬಿಗಿ ಇರ್ಬೇಕು. ದಿಲ್‌ಪಸಂದ್ ಕಣ್ಮುಂದೇನೇ ಐತೆ, ನಾನು ತಿರುಗಿ ನೋಡಲ್ಲ." ಅದನ್ನು ಕೇಳಿ ನನಗೆ ಸುಮ್ಮನಿರುವುದೇ ಮರ್ಯಾದೆ ಎನ್ನಿಸಿತು. ವಾರ ಕಳೆಯಿತು, ವರ್ಷ ಕಳೆಯಿತು. ಒಂದು ಮಾತನ್ನು ಮೊದಲ ದಿನ ಹೇಳದಿದ್ದರೆ ಎರಡನೇ ವರ್ಷ ಹೇಳುವುದು ಹೇಗೆ? "ಇಷ್ಟು ದಿನ ಯಾಕೆ ಹೇಳ್ಲಿಲ್ಲ" ಎಂದು ಕೇಳಿಯೇ ಕೇಳುತ್ತಾರೆ. ಅಂಗಡಿ ಬಿಡಿಸುತ್ತಾರೆಂಬ ಹೆದರಿಕೆ ಅಲ್ಲ, ಅವರು ಅಂಥವರಲ್ಲ. ಅವರು ಕಚ್ಚಿ ತಲೆಯಾಡಿಸುವುದನ್ನು ನೋಡುವುದು ನನಗೇ ಬೇಕಾಗಿತ್ತು. ಇದಕ್ಕಿಂತ ನಾಚಿಕೆಯ ಕಾರಣ ಇನ್ನೊಂದಿಲ್ಲ.

ಈ ಸಂಕ್ರಾಂತಿಗೆ ಅವರು ಹೊಸ ಚಪ್ಪಲಿ ತೆಗೆದುಕೊಂಡರು. ಚಪ್ಪಲಿ ಎಡಗಾಲಿನ ಹೆಬ್ಬೆರಳಿಗೆ ಕಚ್ಚಿತು. ನಮಗೆ ನಿಮಗಾದರೆ ನಾಲ್ಕು ದಿನಕ್ಕೆ ಒಣಗುವ ಗಾಯ. ಅವರದು ಫೆಬ್ರವರಿ ಬಂದರೂ ಹಸಿಯಾಗಿಯೇ ಇತ್ತು. ಹೆಬ್ಬಾಳದ ಕಡೆಯ ಆಸ್ಪತ್ರೆಗೆ ತೋರಿಸಿದಾಗ ಡಾಕ್ಟರು ಸಕ್ಕರೆ ಹತೋಟಿಗೆ ಬಂದರೆ ಬೆರಳು ಉಳಿಯುತ್ತದೆ, ಬಾರದಿದ್ದರೆ ತೆಗೆಯಬೇಕಾಗುತ್ತದೆ ಎಂದರಂತೆ.

ಆಗ ಕಣಕ್ಕಿಳಿದವಳು ಅವರ ಸೊಸೆ ಪದ್ಮಶ್ರೀ. ಯಲಹಂಕದ ಕಡೆ ಶಾಲೆಯಲ್ಲಿ ಟೀಚರು, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಮಾವನ ತೋಳಿಗೆ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆಯೊಂದನ್ನು ಅಂಟಿಸಿದಳು. ಮೈಯ ಸಕ್ಕರೆ ಏರುವುದು ಇಳಿಯುವುದು ಅವಳ ಫೋನಿನಲ್ಲಿ ಗೆರೆಯಾಗಿ ಕಾಣುತ್ತಿತ್ತು. ಒಂದು ಬೆಳಿಗ್ಗೆ ಮಾವನ ಜೊತೆಗೇ ಬೇಕರಿಗೆ ಬಂದಳು.

"ಅಂಕಲ್, ಬೇಕರಿಗೆ ಹೋಗ್ಬೇಡಿ ಅಂದ್ರೆ ಮಾವ ಎರಡು ದಿನ ಊಟಾನೇ ಬಿಟ್ರು. ಅದಕ್ಕೆ ಒಂದು ಪ್ಲ್ಯಾನ್ ಮಾಡಿದೀನಿ. ಮೊದ್ಲು ಮನೆಯಿಂದ ತಂದ ಮೊಟ್ಟೆ, ಸೌತೆಕಾಯಿ ತಿನ್ಲಿ. ಆಮೇಲೆ ಒಂದೇ ಒಂದು ಖಾರ ಬನ್. ಕೊನೆಗೆ ವಿತೌಟ್ ಕಾಫಿ. ಈ ಥರ ತಿಂದ್ರೆ ಶುಗರ್ ಒಂದೇ ಸಲ ಏರಲ್ಲ. ನೀವು ಎರಡನೇದು ಕೊಡ್ಬಾರ್ದು, ಅಷ್ಟೇ."

ನನ್ನದು ಮೊಟ್ಟೆ ಮುಟ್ಟದ ಬೇಕರಿ, ಬೋರ್ಡಿನಲ್ಲೇ ಹಾಗೆಂದು ಬರೆಸಿದ್ದೇನೆ. ಆದರೂ ಜಾಗದ ಯಜಮಾನರು ಅದೇ ಬೋರ್ಡಿನ ಕೆಳಗೆ ಸ್ಟೀಲ್ ಡಬ್ಬಿ ತೆಗೆದು ಬೇಯಿಸಿದ ಮೊಟ್ಟೆ ತಿನ್ನತೊಡಗಿದರು. ಎಷ್ಟು ಶ್ರದ್ಧೆಯೆಂದರೆ, ಸೌತೆಕಾಯಿಯ ಕೊನೆಯ ಹೋಳು ಮುಗಿಯುವವರೆಗೂ ಬನ್ನಿನ ಕಡೆ ನೋಡುತ್ತಿರಲಿಲ್ಲ. ತಿಂದಾದ ಮೇಲೆ ತೋಳಿನ ಬಿಲ್ಲೆಯನ್ನು ಸವರಿ, "ಏನಂತೈತೆ ನೋಡವ್ವ" ಎಂದು ಸೊಸೆಗೆ ಫೋನು ಮಾಡುತ್ತಿದ್ದರು.

ಅದು ಒಳ್ಳೆಯದನ್ನು ಹೇಳಲಿಲ್ಲ. ತಿಂದು ಎರಡು ಗಂಟೆ ಕಳೆದ ಮೇಲೆ ನೂರಾ ಎಂಬತ್ತರ ಒಳಗೆ ಇರಬೇಕಾದದ್ದು ಇನ್ನೂರ ಎಪ್ಪತ್ತು ದಾಟುತ್ತಿತ್ತು. ವಾರ ನೋಡಿ ಪದ್ಮಶ್ರೀ ಮತ್ತೆ ಬಂದಳು. ಯಜಮಾನರು ಸ್ಟೂಲಿನ ಮೇಲಿದ್ದರು. ಅವಳು ಫೋನನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು ನನ್ನ ಮುಖ ನೋಡಿದಳು.

"ಮೈದಾ ಇದೆ ಅಂತ ಗೊತ್ತು ಅಂಕಲ್, ಅದನ್ನ ಲೆಕ್ಕಕ್ಕೆ ತಗೊಂಡೇ ಒಂದು ಬನ್ ಅಂತ ಹೇಳಿದ್ದು. ಆದ್ರೂ ಇಷ್ಟು ಏರ್ತಿದೆ. ಇದಕ್ಕೆ ಏನೇನ್ ಹಾಕ್ತೀರಾ?"

ಅಷ್ಟು ನೇರವಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ. ದೇವರೇ ಕಳಿಸಿದ ಪ್ರಶ್ನೆ ಅದು. ನಾನು ಬೆರಳು ಮಡಚಿ ಹೇಳತೊಡಗಿದೆ. "ಮೈದಾ, ಈಸ್ಟು, ಉಪ್ಪು, ಎಣ್ಣೆ, ಈರುಳ್ಳಿ, ಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು..." ಕಿರುಬೆರಳೂ ಮುಗಿದು ಇನ್ನೊಂದು ಕೈಗೆ ಬಂದಿದ್ದೆ. ಯಜಮಾನರು ನಗುತ್ತಾ ನನ್ನನ್ನೇ ನೋಡುತ್ತಿದ್ದರು. "ಅದ್ರಾಗೆ ಸಿಹಿ ಎಲ್ಲಿಂದ ಬತ್ತದವ್ವ, ಇಪ್ಪತ್ತೆರಡು ವರ್ಷದಿಂದ ಕಂಡಿದೀನಿ ಅವನ್ನ" ಎಂದರು. ನನ್ನ ಬೆರಳು ಅಲ್ಲೇ ನಿಂತಿತು. "ಅಷ್ಟೇನಮ್ಮ" ಎಂದೆ.

ಪದ್ಮಶ್ರೀ "ಹಾಗಾದ್ರೆ ಇದು ಮನೇಲೇ ಆಗ್ತಿರೋದು" ಎಂದು ಫೋನು ಎತ್ತಿಕೊಂಡು ಹೊರಟಳು.

ಮನೆಯಲ್ಲೇ ಎಂದರೆ ಅತ್ತೆ ಎಂದರ್ಥ. ಸೊಣ್ಣಮ್ಮನವರು ಗಂಡನಿಗೆ ಕದ್ದು ಬೆಲ್ಲವೋ ಹೋಳಿಗೆಯೋ ಕೊಡುತ್ತಿದ್ದಾರೆಂದು ಸೊಸೆಗೆ ಗಟ್ಟಿಯಾಗಿಹೋಯಿತು. ಇದೆಲ್ಲ ನನಗೆ ಗೊತ್ತಾದದ್ದು ಯಜಮಾನರ ಬಾಯಿಂದಲೇ. ಅಡಿಗೆಮನೆಯ ಸಕ್ಕರೆ, ಬೆಲ್ಲ ಎಲ್ಲ ಬೀರುವಿಗೆ ಸೇರಿತಂತೆ, ಬೀಗದ ಕೈ ಸೊಸೆಯ ಹತ್ತಿರ. ಅತ್ತೆ ಸೊಸೆ ಮಾತು ಬಿಟ್ಟರಂತೆ. ಒಂದು ದಿನ ಯಜಮಾನರು ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಹೇಳಿದರು.

"ನಂಗೂ ಅವಳ ಮೇಲೇ ಅನ್ಮಾನ ಕಣಪ್ಪ. ಸಾರಿಗೆ ಬೆಲ್ಲ ಆಕ್ತಾಳೋ ಏನೋ, ಕೈ ಚಪಲ. ಮೊನ್ನೆ ಚೆನ್ನಾಗಿ ಬೈದೆ. ಅತ್ಕೊಂಡು ಮಲಗಿದ್ಲು, ಊಟ ಮಾಡ್ಲಿಲ್ಲ."

ಸೊಣ್ಣಮ್ಮನವರು ನನ್ನ ಮದುವೆಗೆ ಹಾಸನದವರೆಗೆ ಬಂದು ಮುಯ್ಯಿ ಹಾಕಿದವರು. ಆದರೂ ನಾನು ಹೇಳಲಿಲ್ಲ. ಹೇಳದೆಯೇ ಸರಿಮಾಡಿಬಿಡುತ್ತೇನೆ ಎಂದು ಹೊರಟೆ.

ಮರುದಿನ ಬೆಳಗಿನ ಜಾವ ಅವರಿಗಾಗಿಯೇ ನಾಲ್ಕು ಬನ್ನಿನಷ್ಟು ಹಿಟ್ಟನ್ನು ಬೇರೆಯಾಗಿ ನಾದಿದೆ, ಒಂದು ಚಿಟಿಕೆ ಸಕ್ಕರೆಯೂ ಇಲ್ಲದೆ. ಉಬ್ಬಲಿ ಎಂದು ಒಂದು ಗಂಟೆ ಹೆಚ್ಚು ಬಿಟ್ಟೆ. ಬಣ್ಣ ಬರಲಿ ಎಂದು ಭಟ್ಟಿಯೊಳಗೆ ಕಾವು ಹೆಚ್ಚಿರುವ ಹಿಂಭಾಗದಲ್ಲಿಟ್ಟೆ. ಇಳಿಸಿ ನೋಡಿದರೆ ನಾಲ್ಕೂ ಜ್ವರ ಬಂದವರ ಹಾಗೆ ಬಿಳುಚಿಕೊಂಡಿದ್ದವು. ಆದರೂ ಕೊಟ್ಟೆ. ಯಜಮಾನರು ಒಂದು ತುಂಡು ಅಗಿದು ನಿಲ್ಲಿಸಿದರು.

"ಇವತ್ತು ಯಾರ್ ಮಾಡಿದ್ದು?"

"ನಾನೇ ಯಜಮಾನ್ರೇ. ಸ್ವಲ್ಪ ಬೇರೆ ಥರ ಮಾಡಿ ನೋಡಿದೆ. ಮೈಗೆ ಒಳ್ಳೇದು ಅಂತ."

"ನನ್ ಮೈಗೆ ಮೊಟ್ಟೆ ಐತೆ, ಸೌತೆಕಾಯಿ ಐತೆ, ಬೆಳಿಗ್ಗೆ ಸಂಜೆ ಮಾತ್ರೆ ಐತೆ. ಇದೊಂದಾದ್ರೂ ಬಾಯಿಗಿರ್ಲಿ ಬಿಡಪ್ಪ. ಆ ಟ್ರೇದು ಕೊಡು."

ಕೊಟ್ಟೆ. ಇನ್ನೇನು ಮಾಡಲಿ? ಕೊಡುವುದಿಲ್ಲ ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಆರು ವರ್ಷವನ್ನೂ ಹೇಳಬೇಕು, ಬೆರಳು ಮಡಚಿ ಸುಳ್ಳು ಹೇಳಿದ್ದನ್ನೂ ಹೇಳಬೇಕು. ಅವರು ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಕೆಳಗೆ ಅವರ ಬ್ಯಾಂಡೇಜಿನ ಕಾಲು ಸ್ಟೂಲಿಗೆ ತಾಗದಂತೆ ಚಾಚಿಕೊಂಡಿತ್ತು. ನಾನು ಎರಡನ್ನೂ ನೋಡುತ್ತಾ ಕಾಫಿ ಬೆರೆಸಿದೆ.

ಮಾರ್ಚ್ ಕೊನೆಯಲ್ಲಿ ಬೆರಳು ಕಪ್ಪಗಾಯಿತು, ತೆಗೆದರು. ಅವರಿಲ್ಲದ ಸ್ಟೂಲನ್ನು ನಾನು ಒಳಗೆ ತಂದಿಟ್ಟೆ. ಮೊದಲ ಟ್ರೇ ಇಳಿದಾಗ ಕೈ ಅಭ್ಯಾಸದ ಮೇಲೆ ಒಂದನ್ನು ಅವರ ತಟ್ಟೆಗೆ ಹಾಕುತ್ತಿತ್ತು, ಆಮೇಲೆ ಅದನ್ನೇ ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಬುದ್ಧಿ ಇದ್ದವನಾದರೆ ಅಂದೇ ಆಸ್ಪತ್ರೆಗೆ ಓಡಬೇಕಿತ್ತು. ನಾನು ಓಡಲಿಲ್ಲ.

ಆರನೇ ದಿನ ಸೊಣ್ಣಮ್ಮನವರು ಅಂಗಡಿಗೆ ಬಂದರು. ಕೈಯಲ್ಲಿ ಅದೇ ಮೊಟ್ಟೆಯ ಸ್ಟೀಲ್ ಡಬ್ಬಿ, ಖಾಲಿ. ಮೂರು ತಿಂಗಳಲ್ಲಿ ಅರ್ಧ ಇಳಿದುಹೋಗಿದ್ದರು.

"ಆಸ್ಪತ್ರೆ ಉಪ್ಪಿಟ್ಟು ಮುಟ್ಟಲ್ಲ ಅಂತ ಅಟ ಇಡ್ದವ್ರೆ ಗಿರಿ. ಗಿರಿ ಬನ್ನು ತಂದ್ಕೊಡು ಅಂತವ್ರೆ. ಖಾರದ್ದೇ ಕೊಡಪ್ಪ, ಸಿಹಿದು ಒಂದೂ ಸೇರಿಸ್ಬೇಡ. ಸಕ್ಕರೆ ಇಂಗೇ ಇದ್ರೆ ಪಾದಾನೇ ಓಯ್ತದಂತೆ." ಅವರು ಡಬ್ಬಿಯ ಮುಚ್ಚಳ ತೆಗೆದರು. "ನಾನೇನೂ ಕೊಟ್ಟಿಲ್ಲ ಕಣಪ್ಪ. ಮುನೇಶ್ವರನ ಆಣೆ, ಒಂದ್ ಚೂರು ಬೆಲ್ಲಾನೂ ಕೊಟ್ಟಿಲ್ಲ. ಯಾರೂ ನಂಬಲ್ಲ."

ಇಕ್ಕಳದಲ್ಲಿ ಬನ್ನು ಎತ್ತಿದ್ದೆ. ಅದನ್ನು ಆ ಡಬ್ಬಿಗೆ ಹಾಕಲು ಆಗಲಿಲ್ಲ.

"ಅಮ್ಮಾ, ಇದರಲ್ಲಿ ಸಕ್ಕರೆ ಇದೆ" ಎಂದೆ.

"ಯಾವ್ದ್ರಾಗೆ?"

"ಈ ಖಾರ ಬನ್ನಿನಲ್ಲಿ. ಮೊದಲಿಂದಲೂ ಹಾಕ್ತೀನಿ. ಹಾಕದೆ ಬನ್ನೇ ಆಗಲ್ಲ."

ಅವರು ನನ್ನ ಮುಖವನ್ನೂ ಬನ್ನನ್ನೂ ನೋಡಿದರು. ಇಕ್ಕಳದಿಂದಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಎಲ್ಲೈತೆ? ಮೆಣಸಿನಕಾಯಿ ಐತೆ, ಈರುಳ್ಳಿ ಐತೆ. ಸುಮ್ಕಿರು ಗಿರಿ." ಅವರ ಕಣ್ಣು ತುಂಬಿತು. "ಕೊಡ್ಬೇಡ ಅಂತ ಪದ್ಮ ಏಳ್ಕೊಟ್ಟವ್ಳಾ? ನನ್ ಕೈಗೆ ಒಂದು ಬನ್ನೂ ಕೊಡ್ಬಾರ್ದಾ? ನಾನು ಅಷ್ಟು ಕೆಟ್ಟೋಳಾ?"

ಆರು ವರ್ಷ ನುಂಗಿದ ಮಾತನ್ನು ಕೊನೆಗೂ ಹೇಳಿದ್ದೇನೆ, ನಂಬುವವರಿಲ್ಲ. ನಾಲಿಗೆಗೆ ಗೊತ್ತಾಗದ ಹಾಗೆ ಹಾಕುವುದೇ ಕಸುಬು ಎಂದು ಮೆರೆದವನಿಗೆ ಸರಿಯಾದ ಶಾಸ್ತಿ. ನಾನು ಪೆಟ್ಟಿಗೆಯ ಪಕ್ಕದ ಅಡ್ಡಹಲಗೆ ಎತ್ತಿ, "ಒಳಗೆ ಬನ್ನಿ ಅಮ್ಮಾ" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಒಳಗೆ ಬಂದದ್ದು ಅದೇ ಮೊದಲು. ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವ ಮುರಿಗೆಪ್ಪ ಸಂಜೆಯ ಖಾರ ಬನ್ನಿಗೆ ಅಣಿಮಾಡುತ್ತಿದ್ದ. ಮೈದಾ ಸುರಿದಾಗಿತ್ತು, ಹೆಚ್ಚಿದ ಮೆಣಸಿನಕಾಯಿಯ ಬೋಗುಣಿ ಪಕ್ಕದಲ್ಲೇ ಇತ್ತು. ನಾವು ನೋಡುತ್ತಿದ್ದಂತೆಯೇ ಅವನು ಡಬ್ಬದಿಂದ ಬಿಳಿಯದನ್ನು ಬೊಗಸೆ ಬೊಗಸೆಯಾಗಿ ಹಾಕಿದ.

"ಉಪ್ಪಾ ಅದು?" ಎಂದರು ಸೊಣ್ಣಮ್ಮ.

"ಸಕ್ಕರಿ ರೀ, ಅಮ್ಮಾರ" ಎಂದ ಮುರಿಗೆಪ್ಪ, ಕೆಲಸ ನಿಲ್ಲಿಸದೆ.

ಅವರು ಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಮುಟ್ಟಿಸಿದರು. ಹಿಟ್ಟಿನ ತೊಟ್ಟಿಯ ಅಂಚನ್ನು ಹಿಡಿದುಕೊಂಡು ನಿಂತರು. ನನ್ನನ್ನು ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಬೈಯಲಿಲ್ಲ.

"ಬೆಳಿಗ್ಗೆ ಮುದ್ದೆ ಬೇಡ ಅಂತ ರಚ್ಚೆ ಇಡೀತಿದ್ರು" ಎಂದರು. "ಓಗಿ ಗಿರಿ ಅತ್ರ ಖಾರದ್ದು ತಿನ್ಕೊಂಡು ಬನ್ನಿ ಅಂತ ದಿನಾ ನಾನೇ ಕಳಿಸ್ತಿದ್ದೆ."

ಡಬ್ಬಿಗೆ ಮುಚ್ಚಳ ಹಾಕಿಕೊಂಡು ಹೊರಗೆ ಬಂದ ಮೇಲೆ ತಿರುಗಿ ನಿಂತರು. "ಅವ್ರಿಗೆ ನೀನೇ ಏಳ್ಬೇಕು. ನಾನು ಏಳಿದ್ರೆ, ತಪ್ಪು ಮುಚ್ಕೊಳ್ಳಾಕೆ ಏಳ್ತಾವ್ಳೆ ಅಂತಾರೆ. ಮನೆಗೆ ಬಂದ್ಮೇಲೆ ಮೊದ್ಲು ಇಲ್ಲಿಗೇ ಬತ್ತಾರೆ, ಆಗ ಏಳು." ನಾನು ತಲೆಯಾಡಿಸಿದೆ. ಅವರು ಖಾಲಿ ಡಬ್ಬಿ ಹಿಡಿದು ಆಸ್ಪತ್ರೆಯ ಬಸ್ಸಿಗೆ ಹೋದರು. ಆ ಡಬ್ಬಿಗೆ ಏನು ಹಾಕಿಕೊಡಬಹುದಿತ್ತು ಎಂದು ಇಡೀ ಅಂಗಡಿಯಲ್ಲಿ ಕಣ್ಣಾಡಿಸಿದೆ. ರಸ್ಕು, ಬ್ರೆಡ್ಡು, ಬೆಣ್ಣೆ ಬಿಸ್ಕತ್ತು, ಪಫ್ಸು, ಎಲ್ಲ ಮೈದಾ, ಎಲ್ಲ ಸಕ್ಕರೆ. ಕೊಡುವಂಥದ್ದು ಒಂದೂ ಇರಲಿಲ್ಲ.

ಎರಡು ವಾರ ಬಿಟ್ಟು ಯಜಮಾನರು ಬಂದರು. ಮನೆ ಇರುವುದು ಕೂಗಳತೆಯಲ್ಲಿ, ಆದರೂ ಆಟೋದಲ್ಲಿ ಬರಬೇಕಾಯಿತು. ವಾಕರ್ ಹಿಡಿದು ಇಳಿದರು. ಸೊಣ್ಣಮ್ಮ ಆಟೋದ ಒಳಗೇ ಕೂತು ನನ್ನನ್ನು ನೋಡುತ್ತಿದ್ದರು. ಸ್ಟೂಲು ತಂದು ಹಾಕಿದೆ. ಯಜಮಾನರು ಕೂತು, ಚೀಲದಿಂದ ಡಬ್ಬಿ ತೆಗೆದು, ಮೊಟ್ಟೆ, ಸೌತೆಕಾಯಿ ಮುಗಿಸಿದರು. ಕೊನೆಯ ಹೋಳನ್ನೂ ಬಿಡಲಿಲ್ಲ. ಬಾಯಿ ಒರೆಸಿಕೊಂಡರು.

"ಮೊದಲ್ನೇ ಟ್ರೇ ಇಳೀತಾ?"

"ಇಳೀತು ಯಜಮಾನ್ರೇ."

"ಕೊಡು ಮತ್ತೆ. ಇಪ್ಪತ್ತು ದಿನ ಆಯ್ತು ಬಾಯಿಗೆ ಬಿದ್ದು."

"ಕೊಡಲ್ಲ ಯಜಮಾನ್ರೇ" ಎಂದೆ. "ಅದರಲ್ಲಿ ಸಕ್ಕರೆ ಇದೆ."

ಅವರು ನಕ್ಕರು. "ಖಾರದ್ರಾಗಾ?" ಎಂದು ಟೀ ಕುಡಿಯುತ್ತಿದ್ದ ಹುಡುಗರ ಕಡೆ ನೋಡಿದರು. ಯಾರೂ ನಗಲಿಲ್ಲ. ಮತ್ತೆ ನನ್ನ ಕಡೆ ತಿರುಗಿದರು.

"ಯಾವತ್ತಿಂದ?"

"ಮೊದಲಿಂದಲೂ."

"ಪದ್ಮ ಕೇಳ್ದಾಗ?"

"ಆಗಲೂ ಇತ್ತು. ನಾನು ಹೇಳ್ಲಿಲ್ಲ." ಮೈದಾವೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ, ಅಮ್ಮನವರದು ಏನೂ ತಪ್ಪಿಲ್ಲ, ಹೇಳಬೇಕು ಹೇಳಬೇಕು ಎಂದೇ ಇದ್ದೆ ಎಂದು ಏನೇನೋ ತೊದಲಿದೆ. ಅವರು ಸಾಕು ಎನ್ನುವಂತೆ ಕೈ ಎತ್ತಿದರು. ಬಗ್ಗಿ, ಎಡಗಾಲಿಗೆ ಸುತ್ತಿದ್ದ ಬಟ್ಟೆಯ ತುದಿ ಸಡಿಲವಾಗಿದ್ದದ್ದನ್ನು ಒಳಗೆ ಸೇರಿಸಿದರು. ಅದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ತಲೆ ಎತ್ತಿದಾಗ ನನ್ನನ್ನು ನೋಡಲಿಲ್ಲ, ಆಟೋದಲ್ಲಿ ಕೂತಿದ್ದ ಹೆಂಡತಿಯನ್ನು ನೋಡಿದರು.

"ಕಾಫಿ ಕೊಡು" ಎಂದರು ಕೊನೆಗೆ.

ಲೋಟವನ್ನು ಅವರ ಕಣ್ಣೆದುರೇ ಎರಡು ಸಲ ತೊಳೆದೆ. ಡಿಕಾಕ್ಷನ್ ಹಾಕಿ, ಹಾಲು ಹಾಕಿ, ಚಮಚವನ್ನೇ ಮುಟ್ಟದೆ ತಂದುಕೊಟ್ಟೆ. ಅವರು ಲೋಟವನ್ನು ತುಟಿಯವರೆಗೆ ಒಯ್ದು ನಿಲ್ಲಿಸಿದರು.

"ಇದ್ರಾಗಾದ್ರೂ ಇಲ್ಲ ತಾನೇ?"

"ಇಲ್ಲ ಯಜಮಾನ್ರೇ" ಎಂದೆ. ನಿಜವನ್ನೇ ಹೇಳಿದ್ದೆ. ಅವರು ಲೋಟವನ್ನು ಕೆಳಗಿಳಿಸಿ ಎರಡು ಕೈಯಲ್ಲಿ ಹಿಡಿದುಕೊಂಡು ಕೂತರು. ಕಾಫಿ ಆರಿ ಮೇಲೆ ಕೆನೆ ಕಟ್ಟಿತು. ಅವರು ಕುಡಿಯಲಿಲ್ಲ.